ಹಳೆಯ ಮಾರುತಿ 800: ಎಂಜಿನ್ನಿಗಿಂತ ಮೊದಲು ತಳವನ್ನು ನೋಡಿ

1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿ ಅವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಅದರ ಮಾಲೀಕರಿಗೆ ಹಸ್ತಾಂತರಿಸಿದಾಗ ಆ ಕಾರಿನ ಬೆಲೆ ಹೆಚ್ಚೂಕಡಿಮೆ 50 ಸಾವಿರ ರೂಪಾಯಿ. ಮೂವತ್ತು ವರ್ಷಗಳ ಬಳಿಕ, 2014ರ ಜನವರಿಯಲ್ಲಿ ಅದರ ಉತ್ಪಾದನೆ ನಿಂತಿತು. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ ಅದಕ್ಕೂ ನಾಲ್ಕು ವರ್ಷ ಮೊದಲೇ, ಭಾರತ್ ಸ್ಟೇಜ್ 4 ನಿಯಮ ಜಾರಿಗೆ ಬಂದ 2010ರ ಏಪ್ರಿಲ್‌ನಲ್ಲಿಯೇ ಇದರ ಮಾರಾಟ ಸ್ಥಗಿತಗೊಂಡಿತ್ತು. ಅಂದರೆ ರಾಜಧಾನಿಯಲ್ಲಿ ಹೊಸದಾಗಿ ಕೊಂಡ 800 ಕಾರುಗಳೆಲ್ಲವೂ ಈಗ ಹದಿನೈದು ವರ್ಷ ದಾಟಿವೆ. ರಾಜ್ಯದ ಉಳಿದ ಊರುಗಳ ಕಾರುಗಳೂ ಒಂದೊಂದಾಗಿ ಆ ಗಡಿಗೆ ಬರುತ್ತಿವೆ.

ಅಪ್ಪ ಕೊಂಡ ಕಾರು, ಮಗ ಚಾಲನೆ ಕಲಿತ ಕಾರು. ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ. ಎಂಜಿನ್ ಸದ್ದು ಕೇಳಿ, ಹೊಗೆ ನೋಡಿ ತೀರ್ಮಾನಿಸುವವರೇ ಹೆಚ್ಚು. ಆದರೆ ಈ ಕಾರಿನ ಆಯುಷ್ಯವನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ತುಕ್ಕು.

ಮಾರುತಿ 800 ಕಾರಿಗೆ ಲಾರಿಗಳಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಒಡಲೇ ಇಡೀ ಭಾರವನ್ನು ಹೊರುತ್ತದೆ. ಆದ್ದರಿಂದ ತಗಡು ಟೊಳ್ಳಾದರೆ ಅದು ಕೇವಲ ಅಂದಗೆಡುವ ವಿಷಯವಲ್ಲ, ಅಪಘಾತವಾದಾಗ ಒಳಗಿರುವವರನ್ನು ಕಾಪಾಡಬೇಕಾದ ಗೋಡೆಯೇ ಕುಸಿದಂತೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಮತ್ತು ಮಲೆನಾಡಿನ ಮಳೆ ಈ ಕೆಲಸವನ್ನು ಬೇಗ ಮುಗಿಸುತ್ತವೆ. ಬಯಲುಸೀಮೆಯ ಕಾರುಗಳು ಇದಕ್ಕಿಂತ ಹೆಚ್ಚು ಕಾಲ ಬಾಳಿದರೂ ಪೂರ್ತಿ ಸುರಕ್ಷಿತವೇನಲ್ಲ.

ಪರೀಕ್ಷಿಸುವುದು ಕಷ್ಟವಲ್ಲ. ಮುಂದಿನ ಎರಡೂ ಸೀಟುಗಳ ಮುಂದೆ ಹಾಸಿರುವ ಮ್ಯಾಟನ್ನು ಎತ್ತಿ, ನೆಲವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದುಹೋದದ್ದು ಮೆತ್ತಗೆ ಕುಸಿಯುತ್ತದೆ. ಬಳಿಕ ಬಾಗಿಲುಗಳ ಕೆಳಗಿನ ಪಟ್ಟಿ, ಚಕ್ರಗಳ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಕೊನೆಯದಾಗಿ ಸಸ್ಪೆನ್ಷನ್ ಬಂದು ಒಡಲಿಗೆ ಸೇರುವ ಜಾಗಗಳನ್ನು ನೋಡಬೇಕು. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವು ಕೆಸರು ಕಟ್ಟಿದರೆ ಬಾಗಿಲು ಒಳಗಿನಿಂದಲೇ ಕೊಳೆಯತೊಡಗುತ್ತದೆ. ನೆಲದಲ್ಲಿ ಅಂಗೈಯಗಲದ ತೂತಿದ್ದರೆ ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯಬಹುದು. ಸಸ್ಪೆನ್ಷನ್ ಸೇರುವ ಜಾಗವೇ ತಿಂದುಹೋಗಿದ್ದರೆ ಆ ಕಾರಿಗೆ ಮತ್ತೆ ಹಣ ಸುರಿಯುವುದು ವ್ಯರ್ಥ. ತುಕ್ಕಿನ ಮೇಲೆಯೇ ಕಪ್ಪು ಕೋಟಿಂಗ್ ಬಳಿದು ಮಾರಾಟಕ್ಕಿಡುವವರೂ ಇದ್ದಾರೆ. ಆ ಲೇಪದಡಿ ತೇವ ಸಿಕ್ಕಿಕೊಂಡು ಕೊಳೆತ ಇನ್ನೂ ವೇಗವಾಗಿ ನಡೆಯುತ್ತದೆ, ಎಚ್ಚರ!

ಎರಡನೆಯ ಶತ್ರು ಬಿಸಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಸರಳವಾದದ್ದು, ಸುಲಭಕ್ಕೆ ಕೆಡುವಂಥದ್ದಲ್ಲ. ಆದರೆ ರೇಡಿಯೇಟರಿನ ವಿದ್ಯುತ್ ಫ್ಯಾನ್ ಕೈಕೊಟ್ಟರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಹತ್ತು ನಿಮಿಷ ನಿಂತರೂ ಸಾಕು, ಅಲ್ಯೂಮಿನಿಯಂ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು ದೊಡ್ಡ ಖರ್ಚು ಎದುರಾಗಬಹುದು. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ ಎಂದೇ ಅರ್ಥ. ಕೂಲೆಂಟ್ ಬದಲು ಕೊಳವೆಬಾವಿಯ ಗಡಸು ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಹಳೆಯದು. ಆ ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರಗಟ್ಟುತ್ತದೆ. ಮುಳ್ಳು ಕೆಂಪು ಗೆರೆಯತ್ತ ಸಾಗಿದರೆ ಕೂಡಲೇ ನಿಲ್ಲಿಸಬೇಕು. ಮುಚ್ಚಳ ತೆರೆಯುವುದು ಎಂಜಿನ್ ತಣಿದ ಮೇಲೆಯೇ.

ಉಳಿದ ದೂರುಗಳು ಹೆಸರಿಗೆ ಹಲವು, ಖರ್ಚಿಗೆ ಅಷ್ಟೇನಲ್ಲ. ತಿರುವಿನಲ್ಲಿ ಮುಂಚಕ್ರದಿಂದ ಕಟಕಟ ಸದ್ದು ಬಂದರೆ ಡ್ರೈವ್ ಶಾಫ್ಟಿನ ಕೀಲು ಸವೆದಿದೆ. ನಿಂತಲ್ಲೇ ಕಾರು ನಡುಗಿದರೆ ಎಂಜಿನ್ನನ್ನು ಹೊತ್ತಿರುವ ರಬ್ಬರ್ ಸತ್ತಿರುವ ಸಾಧ್ಯತೆ ಹೆಚ್ಚು. ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲುಗಳು ಹೋಗಿವೆ, ದಾರಿಯುದ್ದಕ್ಕೂ ಬಂದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರವಾಗಿದೆ. ಟೈಮಿಂಗ್ ಬೆಲ್ಟ್ ಕೊನೆಯ ಬಾರಿ ಬದಲಾದದ್ದು ಯಾವಾಗ ಎಂಬ ದಾಖಲೆ ಸಿಗದಿದ್ದರೆ ಬದಲಿಸಿಬಿಡುವುದೇ ಲೇಸು.

ಪೆಟ್ರೋಲಿನ ವಿಷಯ ಬೇರೆ. ಶೇ 20ರಷ್ಟು ಎಥನಾಲ್ ಬೆರೆತ ಇಂಧನವನ್ನು ಗಮನದಲ್ಲಿಟ್ಟುಕೊಂಡು ತಯಾರಾದ ಕಾರು ಇದಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಸಡಿಲಗೊಳಿಸುತ್ತದೆ. ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿಯೂ ಮೈಲೇಜ್ ಶೇ 6-7ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಕಾರನ್ನು ವಾರಗಟ್ಟಲೆ ನಿಲ್ಲಿಸಿಡುವವರು ಇಂಧನ ಪೈಪುಗಳನ್ನೊಮ್ಮೆ ಪೂರ್ತಿ ಬದಲಿಸಿಕೊಳ್ಳುವುದು ಒಳಿತು. ಎಂಜಿನ್ ಬಳಿ ಪೆಟ್ರೋಲ್ ವಾಸನೆ ಬಂದರೆ ನಾಳೆಗೆಂದು ಮುಂದೂಡುವಂತಿಲ್ಲ.

ಇನ್ನು ಕಾಗದಪತ್ರ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5 ಸಾವಿರವಾಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದನ್ನು 2025ರ ಆಗಸ್ಟ್ ಅಧಿಸೂಚನೆ 10 ಸಾವಿರಕ್ಕೇರಿಸಿತು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಸಾವಿರ ಸಿಸಿಯೊಳಗಿನ ಕಾರಿನ ಥರ್ಡ್ ಪಾರ್ಟಿ ವಿಮೆ 2,094 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ 2,471. ಇಪ್ಪತ್ತು ದಾಟಿದ ಕಾರಿನ ನವೀಕರಣ ಶುಲ್ಕವನ್ನು ಐದು ವರ್ಷಕ್ಕೆ ಹಂಚಿದರೆ, ಚಕ್ರ ಉರುಳುವ ಮೊದಲೇ ವರ್ಷಕ್ಕೆ ಸುಮಾರು 4,500 ರೂಪಾಯಿ. ಹಸಿರು ತೆರಿಗೆ, ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಇದರ ಹೊರಗೆ.

ಹದಿನೈದು ವರ್ಷವಾದರೆ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ಭಯ ಹಲವರಲ್ಲಿದೆ. ಅದು ದೆಹಲಿ ಸುತ್ತಮುತ್ತಲ ಪ್ರದೇಶಕ್ಕೆ ಸಂಬಂಧಿಸಿದ ಆದೇಶಗಳಿಂದ ಹುಟ್ಟಿದ ಗೊಂದಲ. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ವಯಸ್ಸಿನ ನಿಷೇಧವಿಲ್ಲ. ಆರ್‌ಟಿಒ ತಪಾಸಣೆಯಲ್ಲಿ ಯೋಗ್ಯವೆನಿಸಿದರೆ ಓಡಿಸಬಹುದು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಸಲ್ಲಿಸಲು ಅವಕಾಶವಿದೆ. ದುಡ್ಡು ಕಟ್ಟುವ ಮುನ್ನ ಕಾರನ್ನು ಲಿಫ್ಟಿಗೇರಿಸಿ ತಳ ನೋಡಿಕೊಳ್ಳಲು ಇದೇ ಸಕಾಲ.

ತಳ ಕೈಬಿಟ್ಟಿದೆ, ಕೊಟ್ಟುಬಿಡೋಣ ಎಂದಾದರೆ ಬೀದಿ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹಾಗೆ ಮಾಡಿದರೆ ನೋಂದಣಿ ನಿಮ್ಮ ಹೆಸರಿನಲ್ಲಿಯೇ ಉಳಿಯುತ್ತದೆ, ಆ ನಂಬರು ಇನ್ನೆಲ್ಲೋ ಬಳಕೆಯಾದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ನೋಂದಾಯಿತ ಗುಜರಿ ಕೇಂದ್ರಕ್ಕೇ ಒಪ್ಪಿಸಿ, ಠೇವಣಿ ಪ್ರಮಾಣಪತ್ರ ಪಡೆದು, ಆರ್‌ಟಿಒ ದಾಖಲೆಯಲ್ಲಿ ನೋಂದಣಿ ರದ್ದಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.