ಎಣ್ಣೆಯ ಹನಿಯೂ ಕೈಬ್ರೇಕೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಜೀಪಿನ ವಂಶಕ್ಕೆ ಸೇರಿದ ಹಳೆಯ ಪಿಕಪ್ಪು ಗಾಡಿಗಳು ಇನ್ನೂ ಅಲ್ಲೊಂದು ಇಲ್ಲೊಂದು ತೋಟದಲ್ಲಿ ದುಡಿಯುತ್ತಿರುವುದನ್ನು ವಾಚಕರು ಕಂಡೇ ಇರಬಹುದು. 1941ರಲ್ಲಿ ಅಮೆರಿಕದ ಸೈನ್ಯವನ್ನು ಸೇರಿದ ಈ ವಾಹನದ ಕುಲವು 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೋಡಣೆಯಾಗತೊಡಗಿ ನಮ್ಮ ದೇಶದವೇ ಆಯಿತು. ಅಟ್ಟದ ಮೇಲೆ ವರ್ಷವೊಂದರ ಹತ್ತಿರ ಒಣಗಿದ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಲು ನಮ್ಮ ಮನೆಯಲ್ಲಿಯೂ ಅಂತಹುದೊಂದುಂಟು. ಅದು ನಿಂತಲ್ಲೆಲ್ಲ ಎಣ್ಣೆಯ ಹನಿ ಬೀಳುತ್ತಿತ್ತು. ಮುದಿಯಂತ್ರದ ಬೆವರೆಂದು ನಾನು ಬಹುಕಾಲ ಉದಾಸೀನನಾಗಿದ್ದೆನು.

ಹನಿ ಬೀಳುತ್ತಿದ್ದುದು ಟ್ರಾನ್ಸ್‌ಫರ್ ಕೇಸಿನಿಂದ. ಗೇರ್‌ಬಾಕ್ಸಿನ ಬೆನ್ನಿಗೆ ಹತ್ತಿಕೊಂಡಿರುವ ಈ ಕಬ್ಬಿಣದ ಪೆಟ್ಟಿಗೆಯು ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಅಚ್ಚುಗಳೆರಡಕ್ಕೂ ಹಂಚುವುದು. ಕೆಳಗಿನ ಗೇರಿಗೆ ಹಾಕಿದರೆ ವೇಗವು ಸುಮಾರು ಎರಡೂವರೆ ಪಟ್ಟು ಕುಗ್ಗಿ, ಬಲವು ಅಷ್ಟೇ ಹೆಚ್ಚುವುದು. ಈ ಹಳೆಯ ಗಾಡಿಗಳಲ್ಲಿ ಕೈಬ್ರೇಕಿನ ಡ್ರಮ್ಮು ಚಕ್ರಗಳಲ್ಲಿರದೆ ಈ ಪೆಟ್ಟಿಗೆಯ ಹಿಂಬಾಯಿಯಲ್ಲಿಯೇ ಇರುತ್ತದೆ. ಆ ಬಾಯಿಯ ಸೀಲು ಸವೆದರೆ ಎಣ್ಣೆಯು ನೇರವಾಗಿ ಬ್ರೇಕಿನ ಪಟ್ಟಿಗೆ ಇಳಿಯುವುದು. ಮದಲಿಂಗನ ಕಣಿವೆಯ ಏರಿನಲ್ಲಿ ಒಂದು ದಿನ ಕೈಬ್ರೇಕು ಎಳೆದಿದ್ದರೂ ಗಾಡಿ ಹಿಂದಕ್ಕೆ ಜಾರಿದಾಗ ಈ ಸಂಬಂಧವು ನನಗೆ ತಿಳಿಯಿತು.

ಮೇಸ್ತ್ರಿಯನ್ನು ತೋಟಕ್ಕೇ ಕರೆಸಿದೆನು. ಕೊಟ್ಟಿಗೆಯ ಮುಂದಿನ ನೆಲ ಸಮವಾಗಿ ತೋರುತ್ತದೆ, ತೋರುತ್ತದೆ ಮಾತ್ರ. ಅವನು ಅಡಿಯಲ್ಲಿ ಮಲಗಿ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕಳಚಿ, ಹೊರಗೆ ಬಂದು ಕೈ ಒರಸಿಕೊಳ್ಳುತ್ತಿದ್ದನು. ಗಾಡಿ ಸದ್ದಿಲ್ಲದೆ ಹೊರಟಿತು. ಕೈಬ್ರೇಕು ಎಳೆದಿತ್ತು, ಗೇರೂ ಹಾಕಿತ್ತು. ಆದರೆ ಅವೆರಡೂ ಚಕ್ರವನ್ನು ಹಿಡಿಯುವುದು ಆ ಶಾಫ್ಟಿನ ಮೂಲಕವಷ್ಟೆ! ಒಂದೆರಡು ಮಾರು ಸರಿದು ತೆಂಗಿನ ಬುಡಕ್ಕೆ ತಾಗಿ ನಿಂತಿತು. ನಿಮಿಷದ ಹಿಂದೆ ಅದರ ಅಡಿಯಲ್ಲಿ ಒಬ್ಬ ಮನುಷ್ಯನಿದ್ದನು. ಚಕ್ರಗಳಿಗೆ ಕಲ್ಲು ಕೊಡುತ್ತೇನೆಂದು ಹೇಳಿ ಪತ್ರಿಕೆ ಓದುತ್ತ ಕುಳಿತವನು ನಾನೇ.

ಕಲ್ಲು ಕೊಟ್ಟ ಮೇಲೆ ಕೆಲಸ ಮುಂದುವರಿಯಿತು. ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮೊದಲು ನಿದಾನ, ಇಲ್ಲಿಯೂ ಹಾಗೆಯೇ. ಪೆಟ್ಟಿಗೆಗೆ ಉಸಿರಾಡಲು ಒಂದು ಸಣ್ಣ ರಂಧ್ರವುಂಟು. ಅದು ಕೆಸರಿನಿಂದ ಮುಚ್ಚಿದ್ದರೆ, ಒಳಗಿನ ಗಾಳಿ ಕಾದು ಹಿಗ್ಗಿ ಎಣ್ಣೆಯನ್ನು ಸೀಲಿನಾಚೆಗೆ ತಳ್ಳುವುದು. ಹೊಸ ಸೀಲು ಹಾಕಿಯೂ ಫಲವಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಇಳಿದು ಇದರ ಎಣ್ಣೆ ಏರಿದ್ದರೆ, ಎರಡರ ನಡುವೆಯೇ ಒಳಸೋರಿಕೆಯೆಂದು ತಿಳಿಯಬೇಕು. ನಮ್ಮದರಲ್ಲಿ ರಂಧ್ರವೂ ಮುಚ್ಚಿತ್ತು, ಸೀಲೂ ಸವೆದಿತ್ತು.

ಎಣ್ಣೆಯನ್ನು ಬಸಿದು, ಡ್ರಮ್ಮನ್ನೂ ಫ್ಲ್ಯಾಂಜನ್ನೂ ಎಳೆದು ತೆಗೆದರೆ ಸೀಲು ಕಾಣುವುದು. ಬರಿಯ ಸೀಲಿಗಾಗಿ ಇಡೀ ಪೆಟ್ಟಿಗೆಯನ್ನು ಇಳಿಸಬೇಕಾದುದಿಲ್ಲ. ಆದರೆ ಹಿಂದಿನ ಮುಚ್ಚಳವನ್ನೂ ಬಿಚ್ಚುವುದಾದರೆ ಅದರ ಕೆಳಗಿರುವ ತೆಳುವಾದ ಷಿಮ್ಮುಗಳನ್ನು ಒಂದೂ ಬಿಡದಂತೆ ಜೋಪಾನ ಮಾಡತಕ್ಕದ್ದು. ಬೇರಿಂಗುಗಳ ಬಿಗುವು ಇವುಗಳ ದಪ್ಪವನ್ನೇ ಆಶ್ರಯಿಸಿದೆ. ಶಾಫ್ಟಿಗೆ ಇರಬೇಕಾದ ಆಟವು ಅಂಗುಲದ ಸಾವಿರದಲ್ಲಿ 4ರಿಂದ 8 ಪಾಲು ಮಾತ್ರ. ಹಳೆಯ ಕಾಗದದ ಗ್ಯಾಸ್ಕೆಟ್ಟನ್ನು ಉಳಿಯಿಂದ ಕೆರೆಯಲು ಹೊರಟ ಹುಡುಗನನ್ನು ಮೇಸ್ತ್ರಿ ಗದರಿಸಿದನು: ಅಲ್ಲಿ ಬಿದ್ದ ಗೀರೇ ನಾಳಿನ ಸೋರಿಕೆಯ ಕಾಲುವೆ. ನಡುವಿನ ಶಾಫ್ಟನ್ನು ನಾವು ಮುಟ್ಟಲಿಲ್ಲ. ಅದನ್ನು ಹೊರದೂಡಿದರೆ ಸೂಜಿಯಂತಹ ಉರುಳೆಗಳು ಉದುರುವುವು. ಎಣಿಸಿಡುವ ತಾಳ್ಮೆಯಿಲ್ಲದವರು ಅದಕ್ಕೆ ಕೈಹಾಕಬಾರದು.

ಒಂದಕ್ಷರದ ಸ್ಥಾನಕ್ಕೆ ಬಂದ ಆದೇಶವು ಮೂಲದಂತೆಯೇ ವರ್ತಿಸುವ ಸಂದರ್ಭಗಳನ್ನು ಪಾಣಿನಿಯು ವಿಧಿಸಿದ್ದಾನೆ. ಅಂಗಡಿಯ ಸೀಲು ಆ ವಿಧಿಗೆ ಒಳಪಟ್ಟಂತೆ ತೋರಲಿಲ್ಲ. ಮೊದಲು ತಂದುದು ಒಂದೆಳೆಯಷ್ಟು ದೊಡ್ಡದು, ಎರಡನೆಯದು ಸರಿಹೋಯಿತು. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಲೇಸು. ಸೀಲಿನ ತುಟಿಯು ಎಣ್ಣೆಯ ಕಡೆಗೆ, ಅಂದರೆ ಒಳಮುಖವಾಗಿ ಇರಬೇಕು. ತುಟಿಗೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಸಮನಾಗಿ ಬಡಿದು ಕೂರಿಸಬೇಕು. ಸೀಲು ಉಜ್ಜಿದ ಕಡೆ ಫ್ಲ್ಯಾಂಜಿನಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಬಾಳದು. ನಮ್ಮದರಲ್ಲಿ ಗೆರೆ ನಸುವಾಗಿತ್ತು. ನುಣುಪು ಕಾಗದದಿಂದ ಉಜ್ಜಿದ್ದೇ ಸಾಕಾಯಿತು.

ಎಣ್ಣೆ ಕುಡಿದ ಬ್ರೇಕುಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾಕೋಣವೆಂದು ನಾನಂದೆನು. ಮೇಸ್ತ್ರಿ ಒಪ್ಪಲಿಲ್ಲ, ಅವನೇ ಸರಿ. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಆ ಧೂಳನ್ನು ಊದಬಾರದು, ಒದ್ದೆಬಟ್ಟೆಯಲ್ಲಿ ಒರಸಬೇಕು. ಹೊಸ ಪಟ್ಟಿ ಬಂದಿತು.

ಒಂದೂವರೆ ಲೀಟರಿನಷ್ಟು 90ರ ಗೇರೆಣ್ಣೆ ತುಂಬಿ, ಒಂದು ಸುತ್ತು ಓಡಿಸಿ ತಂದು, ರಾತ್ರಿ ಅಡಿಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿದೆವು. ಬೆಳಿಗ್ಗೆ ಹಿಂಬಾಯಿಯ ಕೆಳಗಿನ ಹಾಳೆ ಒಣಗಿತ್ತು. ಮುಂಬಾಯಿಯ ಕೆಳಗಿನದರಲ್ಲಿ ಮಾತ್ರ ಕಾಸಗಲದ ಒಂದು ಕಲೆ. ಅದರ ಕೆಲಸ ಮುಂದಿನ ಸಂತೆಯ ಬಳಿಕ ಎಂದು ಹೇಳಿ ಮೇಸ್ತ್ರಿ ಚಹ ಕುಡಿದು ಹೊರಟನು. ಹೋಗುವಾಗ ಚಕ್ರದ ಕೆಳಗಿನ ಕಲ್ಲುಗಳನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿದನು.