ಊರುಗೋಲು ಯಾವ ಕೈಗೆ?

ಸಂತೆಮರಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದಿಷ್ಟು ಹೊತ್ತು ಕೂತರೆ ಊರುಗೋಲು ಹಿಡಿದ ಹಿರಿಯರು ಕಾಣಸಿಗುತ್ತಾರೆ. ಸೊಂಟ ಯಾವ ಕಡೆ ನೋಯುತ್ತದೆ ಎಂದು ಕೇಳಿ ನೋಡಿ. ಎಷ್ಟೋ ಮಂದಿಯ ಕೋಲು ನೋವಿರುವ ಕಡೆಯ ಕೈಯಲ್ಲೇ ಇರುತ್ತದೆ. ಅದು ಇರಬೇಕಾದದ್ದು ಇನ್ನೊಂದು ಕೈಯಲ್ಲಿ.

ಕಾರಣ ಇಷ್ಟೆ. ನೋವು ಬಲಸೊಂಟದಲ್ಲಿದೆ ಎನ್ನಿ. ಬಲಗಾಲ ಮೇಲೆ ನಿಂತು ಎಡಗಾಲು ಎತ್ತಿದೊಡನೆ ಸೊಂಟ ಎಡಕ್ಕೆ ಕುಸಿಯಲು ನೋಡುತ್ತದೆ. ಕುಸಿಯದಂತೆ ಬಲಸೊಂಟದ ಪಕ್ಕದ ಸ್ನಾಯುಗಳು ಬಿಗಿಯಾಗಿ ಎಳೆದು ಹಿಡಿಯುತ್ತವೆ. ಮೈಭಾರಕ್ಕೆ ಈ ಎಳೆತವೂ ಸೇರಿ ಕೀಲಿನ ಮೇಲಿನ ಒತ್ತಡ ದೇಹತೂಕದ ಎರಡು ಮೂರು ಪಟ್ಟಾಗುತ್ತದೆ. ಎಡಗೈಯ ಕೋಲು ನೆಲಕ್ಕೆ ಊರಿದಾಗ ಆ ಸ್ನಾಯುಗಳ ಕೆಲಸದಲ್ಲಿ ಪಾಲು ಪಡೆಯುತ್ತದೆ, ಕೀಲು ಹಗುರಾಗುತ್ತದೆ. ಹೀಗೆ ಚಲನೆಯನ್ನು ಅಳೆದು ಚಿಕಿತ್ಸೆಗೆ ದಾರಿ ತೋರಿಸುವ ವಿದ್ಯೆಯೇ ಕ್ಲಿನಿಕಲ್ ಬಯೋಮೆಕ್ಯಾನಿಕ್ಸ್.

ದೊಡ್ಡ ಲ್ಯಾಬುಗಳಲ್ಲಿ ಮೈಮೇಲೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತಲ ಕ್ಯಾಮೆರಾಗಳಿಂದ ಕೀಲುಗಳ ಕೋನ ಹಿಡಿಯುತ್ತಾರೆ. ನೆಲದೊಳಗಿನ ಫಲಕ ಹೆಜ್ಜೆಯ ಒತ್ತಡ ದಾಖಲಿಸುತ್ತದೆ. ಆರೋಗ್ಯವಂತರ ನಡಿಗೆಯಲ್ಲಿ ಒಂದು ಪಾದ ಸುಮಾರು ಶೇ 60 ಹೊತ್ತು ನೆಲದ ಮೇಲೆ, ಉಳಿದ ಶೇ 40 ಗಾಳಿಯಲ್ಲಿ. ನೋಯುವ ಕಾಲು ನೆಲದ ಮೇಲಿನ ಹೊತ್ತನ್ನು ಕಡಿಮೆ ಮಾಡಿಕೊಳ್ಳುತ್ತದೆ. ನಾವು ಕುಂಟು ಎನ್ನುವುದು ಬಹುಪಾಲು ಇದನ್ನೇ.

ಕೃತಕ ಕಾಲು ಜೋಡಿಸುವವರಿಗಂತೂ ನಡಿಗೆ ಅಳೆಯುವುದು ನಿತ್ಯದ ಕೆಲಸ. 1994ರಿಂದ ಬೆಂಗಳೂರಿನಲ್ಲಿರುವ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೃತಕ ಅವಯವಗಳನ್ನು ತಯಾರಿಸುತ್ತದೆ, ಆ ವಿದ್ಯೆಯನ್ನೂ ಕಲಿಸುತ್ತದೆ. ಕಾಲು ಕೊಂಚ ಉದ್ದವಾದರೆ ತೊಟ್ಟವರು ಅದನ್ನು ಹೊರಕ್ಕೆ ಬಳಸಿ ಹಾಕುತ್ತಾರೆ. ಗಿಡ್ಡವಾದರೆ ಆ ಕಡೆಗೆ ಮೈ ತಗ್ಗುತ್ತದೆ. ಇಂಥ ಅಲ್ಪ ವ್ಯತ್ಯಾಸದ ಬೆಲೆಯನ್ನು, 2004ರ ವಿಧಾನಸಭೆ ಚುನಾವಣೆ ಒಂದೇ ಮತದಿಂದ ತೀರ್ಮಾನವಾದ ಅಂದಿನ ಸಂತೆಮರಹಳ್ಳಿ ಕ್ಷೇತ್ರದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಯಾಮೆರಾ ಇಲ್ಲದಿದ್ದರೂ ಅಳತೆ ನಿಲ್ಲಬಾರದು ಎಂಬುದು ನನ್ನ ವಾದ. 10 ಮೀಟರಿಗೆ ಸೀಮೆಸುಣ್ಣದ ಎರಡು ಗೆರೆ, ಕೈಯಲ್ಲೊಂದು ಮೊಬೈಲು ಸಾಕು. ಹಿರಿಯರು ಮೊದಲ ಗೆರೆಗಿಂತ ತುಸು ಹಿಂದಿನಿಂದ ಹೊರಟು, ಎಂದಿನ ನಡಿಗೆಯಲ್ಲಿ ಎರಡೂ ಗೆರೆ ದಾಟಲಿ. ಗೆರೆಯಿಂದ ಗೆರೆಗೆ 10 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ವೇಗ ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆ. ಹಿರಿಯರಲ್ಲಿ ಸ್ನಾಯು ಸೊರಗಿದೆಯೇ ಎಂದು ನೋಡಲು ಏಷ್ಯಾದ ತಜ್ಞರು 2019ರಲ್ಲಿ ಇಟ್ಟ ಮಿತಿಯೂ ಅದೇ. ಮುಂದಿನ ಸಲ ಮನೆಯ ಹಿರಿಯರನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕರೆದೊಯ್ದಾಗ ಈ ಸೆಕೆಂಡುಗಳನ್ನೂ ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ.