ಪುಟ್ಟಿಯ ಕರಡಿ ಕುಲಾವಿ

‘ಈಗ ಏನ್ ಮಾಡ್ತಿದ್ದೀಯಪ್ಪಾ?’

ಡಿಗ್ರಿ ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿರುವ ಯಾರನ್ನೇ ಕೇಳಿ, ಅವರು ಹೆದರುವುದು ಈ ಒಂದು ಪ್ರಶ್ನೆಗೆ. ‘ಎಕ್ಸಾಮ್‌ಗೆ ಓದ್ತಿದ್ದೀನಿ’ ಅಂದರೆ ಸಾಕು, ‘ಓ, ಖಾಲಿ ಇದ್ದೀಯ ಅನ್ನು’ ಎಂದು ಕೇಳಿದವರೇ ಮುಗಿಸಿಬಿಡುತ್ತಾರೆ. ಕಳೆದ ಚಳಿಗಾಲದಲ್ಲಿ ಮಾತ್ರ ನನ್ನ ಹತ್ತಿರ ಬೇರೆ ಉತ್ತರವಿತ್ತು. ಹೇಳುವ ಧೈರ್ಯ ಇರಲಿಲ್ಲ ಅಷ್ಟೆ. ನಾನು ಕರಡಿ ಕಿವಿಯ ಟೋಪಿ ಹೆಣೆಯುತ್ತಿದ್ದೆ!

ಅಕ್ಕನ ಮಗಳು ಪುಟ್ಟಿಗೆ ಒಂದು ವರ್ಷ ತುಂಬುತ್ತಿತ್ತು. ನಂಜನಗೂಡಿನಲ್ಲಿ ಮುಡಿ ಕೊಡುವುದೆಂದು ನಿಶ್ಚಯವಾಯಿತು. ನಮ್ಮ ಕಡೆ ಮಗುವಿನ ಮೊದಲ ಕೂದಲು ತೆಗೆಸುವಾಗ ಸೋದರಮಾವನ ತೊಡೆಯ ಮೇಲೇ ಕೂರಿಸಬೇಕು. ಮಾವನಾದವನು ಹೊಸ ಬಟ್ಟೆ, ಕೈಲಾದರೆ ಒಂದಿಷ್ಟು ಚಿನ್ನವನ್ನೂ ಕೊಡಬೇಕು. ‘ಉಂಗುರ ನಾನು ತಂದಿರ್ತೀನಿ, ನೀನೇ ಕೊಟ್ಟೆ ಅಂತ ಹೇಳಿದ್ರಾಯ್ತು’ ಎಂದರು ಅಮ್ಮ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತೊಡೆ ನನ್ನದು, ಉಂಗುರ ಅಮ್ಮನದು, ಹೆಸರು ಮಾತ್ರ ನನ್ನದು.

ಬೋಳಾದ ತಲೆಗೆ ಒಂದು ಟೋಪಿ ಬೇಕಲ್ಲ ಎಂದು ಹೊಳೆದದ್ದು ಆಗ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರೆ. ನಮ್ಮ ಕೂಸು ಹುಟ್ಟಿ ವರ್ಷವಾದ ಮೇಲೆ ಮಾಮನಿಗೆ ಕುಲಾವಿಯ ನೆನಪು ಬಂತು.

ನಮ್ಮ ಮನೆಗೆ ಕ್ರೋಶಾ ಹೊಸದೇನಲ್ಲ. ಹಳೆಯ ದಪ್ಪ ಟಿ.ವಿ.ಯ ಮೇಲೆ ಅಮ್ಮ ಹೆಣೆದ ಬಿಳಿ ಲೇಸಿನ ಬಟ್ಟೆ ಇರುತ್ತಿತ್ತು. ಟಿ.ವಿ. ತೆಳ್ಳಗಾದ ಮೇಲೆ ಅದು ಫ್ರಿಜ್ ಮೇಲೆ ಹೋಯಿತು. ಅಮ್ಮನ ಉಕ್ಕಿನ ಕಡ್ಡಿ ತೆಗೆದುಕೊಂಡು ಕೂತರೆ ಅದರ ಕೊಕ್ಕೆಗೆ ನನ್ನ ದಾರ ಸಿಕ್ಕಲೇ ಇಲ್ಲ. ಅದು ಲೇಸಿನ ಸಣ್ಣ ನೂಲಿಗೆ ಆಗುವ ಕಡ್ಡಿ. ಟೋಪಿಯ ದಾರಕ್ಕೆ 4 ಮಿಲಿಮೀಟರಿನ ದಪ್ಪ ಕಡ್ಡಿ ಬೇಕು. ಅಂಗಡಿಗೆ ಹೊರಟಾಗ ಅಮ್ಮ ಅಡುಗೆಮನೆಯಿಂದಲೇ ಕೂಗಿದರು. ‘ಉಲ್ಲನ್ ತರಬೇಡ ಕಣೋ, ಬೋಳಿಸಿದ ತಲೆಗೆ ಚುಚ್ಚುತ್ತೆ. ಹತ್ತಿ ದಾರ ತಾ.’ ಕಂದು ಬಣ್ಣದ್ದು ಎರಡು ಉಂಡೆ, ಮೂತಿಗೆ ಬಿಳಿ ದಾರ ಸ್ವಲ್ಪ. ಒಟ್ಟು 240 ರೂಪಾಯಿ.

ಕ್ರೋಶಾ ನೋಡಲು ಗೋಜಲು, ಲೆಕ್ಕ ಸುಲಭ. ನಡುವೆ ಒಂದು ಉಂಗುರ, ಅದರೊಳಗೆ ಆರು ಕುಣಿಕೆ. ಎರಡನೇ ಸುತ್ತಿನಲ್ಲಿ 12, ಮೂರನೆಯದರಲ್ಲಿ 18. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋದರೆ ಚಪಾತಿಯ ಹಾಗೆ ಚಪ್ಪಟೆಯಾದ ವೃತ್ತ ಬರುತ್ತದೆ. ಬೇಕಾದಷ್ಟು ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ ಅಷ್ಟೇ ಕುಣಿಕೆಗಳನ್ನು ಹಾಕುತ್ತಿದ್ದರೆ ಅಂಚು ತಾನಾಗಿಯೇ ಕೆಳಗೆ ಬಾಗುತ್ತದೆ. ಚಪಾತಿ ಬಟ್ಟಲಾಗುತ್ತದೆ, ಬಟ್ಟಲು ಟೋಪಿಯಾಗುತ್ತದೆ.

ಅಕ್ಕ ಫೋನಿನಲ್ಲಿ ಪುಟ್ಟಿಯ ತಲೆಯ ಸುತ್ತಳತೆ 46 ಸೆಂಟಿಮೀಟರ್ ಎಂದಿದ್ದಳು. ಹೆಣಿಗೆ ಹಿಗ್ಗುವುದರಿಂದ ಟೋಪಿ ತಲೆಗಿಂತ ಒಂದೆರಡು ಸೆಂಟಿಮೀಟರ್ ಚಿಕ್ಕದಿರಬೇಕು. ಅಂದರೆ 44. ನಾನು ನೋಡಿದ ವಿಡಿಯೊದಲ್ಲಿ ವರ್ಷದ ಮಗುವಿಗೆ 60 ಕುಣಿಕೆ ಸಾಕು ಎಂದಿತ್ತು. ಕಣ್ಣುಮುಚ್ಚಿ 60 ಹಾಕಿದೆ. ವಾರ ಕಳೆದ ಮೇಲೆ ಟೇಪು ಹಿಡಿದರೆ ಬರೀ 33 ಸೆಂಟಿಮೀಟರ್! ಹಾಕಿ ನೋಡಲು ಪುಟ್ಟಿ ಇರಲಿಲ್ಲ. ದೇವರ ಮುಂದಿದ್ದ ತೆಂಗಿನಕಾಯಿಗೆ ತೊಡಿಸಿದೆ. ಅದಕ್ಕೆ ಮಾತ್ರ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಅಮ್ಮ ಟೋಪಿಯನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿದರು. ಮೊದಲ ಏಳೆಂಟು ಸುತ್ತು ಸಡಿಲವಾಗಿ, ಸಮವಾಗಿದ್ದವು. ಅಲ್ಲಿಂದಾಚೆ ಕುಣಿಕೆಗಳು ಎಷ್ಟು ಬಿಗಿಯಾಗಿದ್ದವೆಂದರೆ ಕಡ್ಡಿಯ ತುದಿ ತೂರುತ್ತಿರಲಿಲ್ಲ. ಆ ಜಾಗದ ಮೇಲೆ ಬೆರಳಿಟ್ಟು ನನ್ನ ಮುಖ ನೋಡದೆಯೇ ಕೇಳಿದರು. ‘ರಿಸಲ್ಟ್ ಬಂತೇನೋ?’

ಬಂದು ನಾಲ್ಕು ದಿನವಾಗಿತ್ತು. ಆಯ್ಕೆ ಪಟ್ಟಿಯನ್ನು ಮೂರು ಸಲ ಮೇಲಿನಿಂದ ಕೆಳಗೆ ನೋಡಿದ್ದೆ. ನನ್ನ ನಂಬರ್ ಇರಲಿಲ್ಲ. ಮುಡಿಯ ಕಾರ್ಯ ಮುಗಿಯುವವರೆಗೆ ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ ಊಟ, ನಗು, ಮಾತು ಎಲ್ಲವನ್ನೂ ಎಂದಿನಂತೆಯೇ ನಡೆಸಿದ್ದೆ. ನನ್ನ ಮುಖ ಗುಟ್ಟು ಕಾಪಾಡಿತ್ತು. ಕೈ ಬಿಟ್ಟುಕೊಟ್ಟಿತ್ತು.

‘ಬಂತಮ್ಮ. ಆಗಿಲ್ಲ.’

ಅಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಟೋಪಿ ನನ್ನ ಕೈಗಿಟ್ಟು ‘ಬಿಚ್ಚು’ ಎಂದರು. ಕ್ರೋಶಾದಲ್ಲಿ ಒಂದು ಸಲಕ್ಕೆ ಕಡ್ಡಿಯ ಮೇಲಿರುವುದು ಒಂದೇ ಕುಣಿಕೆ. ಕಡ್ಡಿ ತೆಗೆದು ದಾರ ಎಳೆದರೆ ಆಯಿತು, ಒಂದು ವಾರದ ಕೆಲಸ ಐದು ನಿಮಿಷದಲ್ಲಿ ನೆಲದ ಮೇಲೆ. ದಾರ ಮಾತ್ರ ಶ್ಯಾವಿಗೆಯಂತೆ ಸುರುಳಿ ಸುರುಳಿ. ಅಮ್ಮ ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಅಲ್ಲಲ್ಲಿ ಕಟ್ಟಿ, ನೀರಿನಲ್ಲಿ ಅದ್ದಿ ಹಿಂಡಿದರು. ಕೆಳತುದಿಗೆ ಒಂದು ಭಾರ ಕಟ್ಟಿ ಒಣಹಾಕಿದರು. ಮಾರನೇ ದಿನ ದಾರ ನೆಟ್ಟಗಾಗಿತ್ತು.

‘ಅವಳ ಕೈ ಬೇರೆ, ನಿನ್ನ ಕೈ ಬೇರೆ. ಮೊದಲು ಒಂದು ತುಂಡು ಹಾಕಿ ಅಳಿ’ ಎಂದರು. ಅಂಗೈಗಿಂತ ಸ್ವಲ್ಪ ದೊಡ್ಡ ತುಂಡು ಹೆಣೆದು ಟೇಪು ಇಟ್ಟೆ. 10 ಸೆಂಟಿಮೀಟರಿಗೆ 16 ಕುಣಿಕೆ. ಅಂದರೆ 44 ಸೆಂಟಿಮೀಟರಿಗೆ 70. ಆರರ ಲೆಕ್ಕಕ್ಕೆ ಹೊಂದಿಸಿದರೆ 72. ಮೊದಲ ಸಲದ ನನ್ನ ಬಿಗಿ ಕೈಗೆ 10 ಸೆಂಟಿಮೀಟರಿನಲ್ಲಿ 18 ಕುಣಿಕೆ ಹಿಡಿದಿದ್ದವು. ಎರಡೇ ಕುಣಿಕೆಯ ವ್ಯತ್ಯಾಸ ಅನ್ನಿಸಬಹುದು. ಇಡೀ ತಲೆಯ ಸುತ್ತಳತೆಗೆ ಅದು ನಾಲ್ಕೈದು ಸೆಂಟಿಮೀಟರ್ ನುಂಗಿಬಿಡುತ್ತದೆ.

ಎರಡನೇ ಟೋಪಿಗೆ ಒಂಬತ್ತು ಸಂಜೆ, ಸುಮಾರು 14 ಗಂಟೆ ಹಿಡಿಯಿತು. ಅಮ್ಮ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದರು. ರಿಸಲ್ಟ್ ಬಗ್ಗೆ ನಾವು ಸರಿಯಾಗಿ ಮಾತಾಡಿದ್ದು ಆ ಸಂಜೆಗಳಲ್ಲೇ. ಯಾವ ಪತ್ರಿಕೆಯಲ್ಲಿ ಎಡವಿದೆ, ಇನ್ನೆಷ್ಟು ಸಲ ಬರೆಯಬಹುದು, ಆಗದಿದ್ದರೆ ಮುಂದೇನು. ಕೈಯಲ್ಲಿ ಕೆಲಸವಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಿಲ್ಲ, ಮಾತು ಹಗುರವಾಗುತ್ತದೆ.

ಕಿವಿಗಳಿಗೆ ಎರಡು ಪುಟ್ಟ ವೃತ್ತ ಹೆಣೆದು ಅರ್ಧಕ್ಕೆ ಮಡಚಿ ಹೊಲಿದೆ. ಕಣ್ಣಿಗೆ ಹೊಳೆಯುವ ಕಪ್ಪು ಗುಂಡಿ ತಂದಿದ್ದೆ. ‘ಮಗು ಕಿತ್ತು ಬಾಯಿಗೆ ಹಾಕ್ಕೊಂಡ್ರೆ?’ ಎಂದು ಅಮ್ಮ ತೆಗೆಸಿದರು. ಕಪ್ಪು ದಾರದಲ್ಲೇ ಕಣ್ಣು, ಮೂಗು ಕಸೂತಿ ಮಾಡಿದೆ. ವಿಡಿಯೊದ ಟೋಪಿಗೆ ಎರಡು ಉದ್ದ ಜಡೆಗಳೂ ಇದ್ದವು. ಕುತ್ತಿಗೆಗೆ ಸುತ್ತಿಕೊಳ್ಳುತ್ತದೆಂದು ಅದನ್ನೂ ಬಿಟ್ಟೆವು. ಚಿಕ್ಕ ಮಕ್ಕಳಿಗೆ ಹೆಣೆಯುವವರು ಈ ಎರಡನ್ನು ಮರೆಯಬಾರದು.

ನಂಜನಗೂಡಿನಲ್ಲಿ ಬೆಳಿಗ್ಗೆ ಕಪಿಲೆಯ ಕಡೆಯಿಂದ ತಣ್ಣನೆ ಗಾಳಿ. ಪುಟ್ಟಿ ನನ್ನ ತೊಡೆಯ ಮೇಲೆ ಊರೆಲ್ಲ ಕೇಳುವಂತೆ ಅತ್ತಳು. ಬೋಳು ತಲೆಗೆ ಗಂಧ ಹಚ್ಚಿ, ಆರಿದ ಮೇಲೆ ಟೋಪಿ ತೊಡಿಸಿದರೆ ಕಿತ್ತೆಸೆದಳು! ನನ್ನ ಎದೆ ಧಸಕ್ಕೆಂದಿತು. ಅಕ್ಕ ಇನ್ನೊಮ್ಮೆ ತೊಡಿಸಿ ಮೊಬೈಲ್ ಕ್ಯಾಮೆರಾ ಅವಳ ಕಡೆ ತಿರುಗಿಸಿದಳು. ಪರದೆಯಲ್ಲಿ ಕಿವಿಯಿರುವ ತನ್ನನ್ನೇ ನೋಡಿ ಪುಟ್ಟಿ ಗಪ್ಪಾದಳು. ಆಮೇಲೆ ಎರಡೂ ಕಿವಿ ಹಿಡಿದು ನಕ್ಕಳು. ಅಳತೆ ಸರಿಯಾಗಿತ್ತು.

ಉಂಗುರವನ್ನು ಅಮ್ಮ ತಮ್ಮ ಹೆಸರಿನಲ್ಲೇ ಕೊಟ್ಟರು. ‘ಮಾಮಂದು ಟೋಪಿ’ ಎಂದು ಅಕ್ಕ ಎಲ್ಲರಿಗೂ ತೋರಿಸಿಕೊಂಡು ಬಂದಳು. ನೆಂಟರೊಬ್ಬರು ಮೆಚ್ಚಿ ‘ನಮ್ಮ ಮೊಮ್ಮಗನಿಗೂ ಒಂದು ಮಾಡ್ಕೊಡು, 150 ಕೊಡ್ತೀನಿ. ಹೇಗೂ ಖಾಲಿ ಕೂತಿರ್ತೀಯಲ್ಲ’ ಅಂದರು. ದಾರಕ್ಕೇ 240 ಆಗಿತ್ತು ಎಂದು ಹೇಳಲು ಬಾಯಿ ಬರಲಿಲ್ಲ.

ಆ ‘ಖಾಲಿ’ ಮನಸ್ಸಿನಲ್ಲೇ ಕೊರೆಯುತ್ತಿತ್ತು. ಊರಿಗೆ ಬಂದು ಪ್ರಚಲಿತ ವಿದ್ಯಮಾನಗಳ ನೋಟ್ಸ್ ತಿರುವುವಾಗ ಒಂದು ಸಾಲು ಕಂಡಿತು: ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಜಿಐ ಮಾನ್ಯತೆ. ಒಂದು ಅಂಕದ ಪ್ರಶ್ನೆಗೆಂದು ಬರೆದುಕೊಂಡದ್ದು. ಈ ಸಲ ಅದರ ಬೆನ್ನು ಹತ್ತಿದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅದೇ ನರಸಾಪುರದ ಲೇಸು ಹೆಣೆಯುವ ಹೆಂಗಸರ ಬಗ್ಗೆ 1982ರಲ್ಲೇ ಪುಸ್ತಕ ಬರೆದಿದ್ದಾರೆ. ಅವರ ಲೇಸು ವಿದೇಶಕ್ಕೆ ಹೋಗುತ್ತಿತ್ತು, ಕೂಲಿ ಮಾತ್ರ ತೀರಾ ಕಡಿಮೆ. ಅವರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿರುವ ಹೆಂಗಸರು, ಬಿಡುವಿದ್ದಾಗ ಏನೋ ಮಾಡುತ್ತಾರೆ ಎಂಬುದೇ ಲೆಕ್ಕ. ಅಂದರೆ, ಖಾಲಿ ಕೂತವರು.

ಓದುತ್ತಾ ತಲೆಯೆತ್ತಿದರೆ ಎದುರಿಗೆ ಫ್ರಿಜ್ ಮೇಲೆ ಅಮ್ಮನ ಲೇಸು. ಹತ್ತಿರ ಹೋಗಿ ಬೆರಳಾಡಿಸಿದೆ. ನನ್ನ ಟೋಪಿಯ ಒಂದು ಕುಣಿಕೆಯ ಜಾಗದಲ್ಲಿ ಅದರ ಮೂರು ಕುಣಿಕೆ ಹಿಡಿಯುತ್ತವೆ. ಇಷ್ಟು ವರ್ಷ ಅದರ ಮೇಲೆ ಬೈಕಿನ ಕೀ ಎಸೆಯುತ್ತಿದ್ದವನು ನಾನೇ.

‘ಅಮ್ಮಾ, ಇದಕ್ಕೆ ಎಷ್ಟು ದಿನ ಹಿಡೀತು?’

ಅಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದರು. ‘ದಿನ ಎಲ್ಲಿ ಬಂತೋ? ನೀನು ಹೊಟ್ಟೇಲಿದ್ದಾಗ ಶುರು ಮಾಡಿದ್ದು. ಮುಗಿಸೋ ಹೊತ್ತಿಗೆ ನೀನು ನಡೀತಿದ್ದೆ.’ ಸ್ವಲ್ಪ ತಡೆದು ಸೇರಿಸಿದರು. ‘ಇದನ್ನ ಇಲ್ಲೀತನಕ ಯಾರೂ ಕೇಳಿರಲಿಲ್ಲ.’

ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಬೆಳಿಗ್ಗೆ ಓದು, ಸಂಜೆ ಒಂದು ಗಂಟೆ ಕಡ್ಡಿ. ಪುಟ್ಟಿಯ ತಲೆ ಈಗ 47 ಸೆಂಟಿಮೀಟರ್ ಆಗಿದೆಯಂತೆ. ಈ ಸಲ ಮೊಲ. ಬೈಕಿನ ಕೀಗೆ ಗೋಡೆಗೊಂದು ಮೊಳೆ ಹೊಡೆದಿದ್ದೇನೆ.